ಶೀನಪ್ಪನ ತೋಟದಲ್ಲಿ ಎದ್ದ ಗುಡ್ಡ

ಪಡೀಲಿನ ಮೋಹನದಾಸನ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆಯುವುದಿದ್ದರೆ ಅದು ನಾನಾಗಿರಬಾರದು. ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನನ್ನನ್ನು ಆಡಿಕೊಳ್ಳುವುದು ಬೇಡ. ಆದರೆ ಅವನ ಕಥೆ ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಐವತ್ತು ವರ್ಷದಿಂದ ಒಬ್ಬನನ್ನೇ ಓರೆಗಣ್ಣಿನಲ್ಲಿ ನೋಡುತ್ತ ಬಂದವನಿಗೆ ಅವನ ಬಗ್ಗೆ ತಿಳಿಯದ್ದು ಏನು ಉಳಿದಿರುತ್ತದೆ?

ನನ್ನ ಹೆಸರು ಜಯಪಾಲ. ಮನೆ ದೇರೆಬೈಲಿನಲ್ಲಿ, ಆಫೀಸು ಕೊಡಿಯಾಲ್‌ಬೈಲಿನಲ್ಲಿ. ಮನೆಯ ಪ್ಲಾನು, ಜಾಗದ ಸರ್ವೆ, ನಕ್ಷೆ, ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಆಫೀಸಿನಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಅದರಲ್ಲಿ ನಗರದ ಸುತ್ತಲಿನ ಹಳೆಯ ಗ್ರಾಮನಕ್ಷೆಗಳು, ನಾನೇ ಬಿಸಿಲಲ್ಲಿ ನಿಂತು ಅಳೆದ ನೆಲದ ಎತ್ತರಗಳನ್ನು ಬರೆದಿಟ್ಟ ಲೆವೆಲ್ ಪುಸ್ತಕಗಳು. ಬೀಗದ ಕೈ ನನ್ನ ಜೇಬಿನಲ್ಲಿ. ಯಾರು ಬಂದು ಏನು ಕೇಳಿದರೂ "ನೋಡುವ, ಮುಂದಿನ ವಾರ ಬನ್ನಿ" ಎನ್ನುವುದು ನನ್ನ ಕ್ರಮ. ಕೇಳಿದ ಕೂಡಲೇ ತೆಗೆದುಕೊಟ್ಟರೆ ಜನರಿಗೆ ಅದರ ಬೆಲೆ ತಿಳಿಯುವುದಿಲ್ಲ. ಎಂಜಿನಿಯರುಗಳು, ವಕೀಲರು, ದೊಡ್ಡ ಹೋಟೆಲಿನ ಧಣಿಗಳು ಎಲ್ಲರೂ ನನ್ನ ಬೆಂಚಿನಲ್ಲಿ ಕುಳಿತು ಕಾದವರೇ.

ಮೋಹನದಾಸ ಶಾಲೆಯಲ್ಲಿ ನನ್ನ ಕ್ಲಾಸು. ನನಗಿಂತ ಮೂರು ತಿಂಗಳು ದೊಡ್ಡವನು, ಆದರೂ ಅಂದಿನಿಂದ ಇಂದಿನವರೆಗೆ ನನ್ನನ್ನು ಕರೆಯುವುದು 'ಜಯಪಾಲಣ್ಣ' ಎಂದೇ. ಅವನ ಅಜ್ಜ ನಮ್ಮ ಅಜ್ಜನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಭೂಮಸೂದೆ ಬಂದಾಗ ಆ ಗದ್ದೆ ಅವರದ್ದಾಯಿತು. ನನಗೆ ಅವನ ಮೇಲೆ ಉರಿ ಇರುವುದು ಆ ಕಾರಣಕ್ಕೇ ಎಂದು ನನ್ನ ಹೆಂಡತಿ ಸ್ನೇಹಲತಾ ಹೇಳುತ್ತಾಳೆ. ಛೆ ಛೆ, ಅದೆಲ್ಲ ನನಗೆ ನೆನಪೇ ಇಲ್ಲ. ಒಂದು ಎಕ್ರೆ ಎಪ್ಪತ್ತೆರಡು ಸೆಂಟ್ಸು, ಅಷ್ಟೆ.

ಶಾಲೆ ಮುಗಿಸಿ ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು ಅವನು ಮಸ್ಕತ್ತಿಗೆ ಹೋದ. ಒಂದು ಸರ್ವೆ ಕಂಪೆನಿಯಲ್ಲಿ ಕೆಲಸ. ಕೇಳುವಾಗ ದೊಡ್ಡದಾಗಿ ಕೇಳುತ್ತದೆ, ಆದರೆ ಅವನು ಮಾಡುತ್ತಿದ್ದದ್ದು ಕೋಲು ಹಿಡಿಯುವ ಕೆಲಸ. ನೆಲದ ಎತ್ತರ ಅಳೆಯುವಾಗ ಒಬ್ಬ ಯಂತ್ರದ ಹಿಂದೆ ನಿಂತು ಕಣ್ಣಿಟ್ಟು ನೋಡುತ್ತಾನೆ. ಇನ್ನೊಬ್ಬ ದೂರದಲ್ಲಿ ಅಳತೆಯ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ಮೋಹನದಾಸ ಇಪ್ಪತ್ತೆರಡು ವರ್ಷ ಮರುಭೂಮಿಯ ಬಿಸಿಲಿನಲ್ಲಿ ಕೋಲು ಹಿಡಿದು ನಿಂತ. ಅದೇ ಹೊತ್ತಿನಲ್ಲಿ ನಾನು ಇಲ್ಲಿ ಯಂತ್ರದ ಹಿಂದೆ ನಿಂತಿದ್ದೆ. ಆಗ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ, ಪ್ರೀತಿಯೇ ಇತ್ತು. ರಜೆಯಲ್ಲಿ ಬಂದಾಗ ಖರ್ಜೂರ ತಂದುಕೊಡುತ್ತಿದ್ದ.

ಎಲ್ಲ ಹಾಳಾದದ್ದು ಅಲ್ಲಿಯ ಅವನ ಕೊನೆಯ ಎರಡು ವರ್ಷದಲ್ಲಿ. ಅವನ ಕ್ಯಾಂಪಿಗೆ ಅರ್ಶದ್ ಎಂಬ ಉಳ್ಳಾಲದ ಹುಡುಗ ಎಂಜಿನಿಯರಾಗಿ ಬಂದ. ಕೋಲು ಹಿಡಿಯುವವನ ಕೈಗೆ ಲ್ಯಾಪ್‌ಟಾಪು ಕೊಟ್ಟು, ಲೋಕದ ನಕ್ಷೆಗಳೆಲ್ಲ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಬಿದ್ದಿವೆ ಮೋಹನಣ್ಣ, ಹೆಕ್ಕಿಕೊಳ್ಳಲು ಜನ ಇಲ್ಲ ಎಂದು ತೋರಿಸಿದನಂತೆ. ಉಪಗ್ರಹ ತೆಗೆದ ಚಿತ್ರ, ಮಳೆಯ ಲೆಕ್ಕ, ಕಾಡಿನ ಲೆಕ್ಕ, ನೆಲದ ಎತ್ತರ, ಎಲ್ಲಿ ಹುಡುಕಿದರೆ ಏನು ಸಿಗುತ್ತದೆ ಎಂದು ಒಂದೊಂದಾಗಿ ಹೇಳಿಕೊಟ್ಟ. ಮೊಣಗಂಟು ಸವೆದು ಮೋಹನದಾಸ ಊರಿಗೆ ಬಂದಾಗ ಬೇರೆಯವರ ಹಾಗೆ ಕಾರು ತೆಗೆಯಲಿಲ್ಲ, ಮಹಡಿ ಎಬ್ಬಿಸಲಿಲ್ಲ. ಎರಡು ಕೀಲಿ ಕಿತ್ತುಹೋದ ಒಂದು ಹಳೆಯ ಲ್ಯಾಪ್‌ಟಾಪನ್ನು ಜಗಲಿಯ ಮೇಜಿನ ಮೇಲಿಟ್ಟು ಕುಳಿತ.

ಅದೇ ವರ್ಷ ಅವನ ತಾಯಿ ದೇಯಿಯಕ್ಕನಿಗೆ ಎದೆನೋವು ಬಂತು. ಆಂಬುಲೆನ್ಸಿನವನು ಅವನ ಮನೆಯ ಓಣಿ ಸಿಗದೆ ಮುಖ್ಯರಸ್ತೆಯಲ್ಲೇ ನಲವತ್ತು ನಿಮಿಷ ತಿರುಗಿದ. ಮುದುಕಿ ಬದುಕಿದರು, ಈಗಲೂ ಗಟ್ಟಿ ಇದ್ದಾರೆ, ಮಗನಿಗೆ ಬೈಯುತ್ತಾರೆ. ಆಸ್ಪತ್ರೆಯಿಂದ ಬಂದ ಮರುದಿನವೇ ಇವನು ತನ್ನ ಓಣಿಯನ್ನು ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಎಳೆದ. ಮತ್ತೆ ಪಕ್ಕದ ಓಣಿ. ಮತ್ತೆ ತೋಡು, ಅದನ್ನು ದಾಟುವ ಕಾಲುಸಂಕ, ಸಾರ್ವಜನಿಕ ಬಾವಿ, ಮಳೆಗೆ ಮುಳುಗುವ ತಿರುವು. ಸ್ಕೂಟರಿನಲ್ಲಿ ಊರಿಡೀ ಸುತ್ತಿ, ಫೋನಿನಲ್ಲಿ ಗುರುತು ಹಾಕಿಕೊಂಡು ಬಂದು, ಕುಳಿತು ಎಳೆಯುತ್ತಿದ್ದ. ಎರಡು ವರ್ಷದಲ್ಲಿ ಪಡೀಲಿನ ಯಾವ ಓಣಿಯೂ ಉಳಿಯಲಿಲ್ಲ.

ಜನ ಅವನ ಜಗಲಿಗೆ ಹೋಗತೊಡಗಿದರು. ಬಾವಿ ಎಲ್ಲಿ ತೋಡಬಹುದು, ಈ ಜಾಗ ಹತ್ತು ವರ್ಷದ ಹಿಂದೆ ಗದ್ದೆಯಾಗಿತ್ತೋ ಗುಡ್ಡವಾಗಿತ್ತೋ ಎಂದು ಕೇಳುತ್ತಿದ್ದರು. ಅವನು ಕೂಡಲೇ ತೆಗೆದು ತೋರಿಸುತ್ತಿದ್ದ, ಬೇಕಾದರೆ ಫೋನಿಗೆ ಕಳಿಸಿಯೂ ಬಿಡುತ್ತಿದ್ದ. ಪುಕ್ಕಟೆ! ನನ್ನ ಬೆಂಚು ಖಾಲಿಯಾಯಿತು. ಒಬ್ಬ ವಕೀಲರಂತೂ ನನ್ನ ಎದುರೇ, "ಅಲ್ಲ ಜಯಪಾಲ್ರೆ, ಇದು ಮೋಹನದಾಸನಲ್ಲಿ ಐದು ನಿಮಿಷದ ಕೆಲಸ ಅಂತೆ, ನೀವು ಎಂತಕ್ಕೆ ಒಂದು ವಾರ ಹೇಳ್ತೀರಿ?" ಎಂದುಬಿಟ್ಟರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅವನಾದರೂ ಒಮ್ಮೆ ಜಂಬ ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದೂ ಇಲ್ಲ. ಒಂದು ದಿನ ಆಫೀಸಿಗೆ ಬಂದು, "ಜಯಪಾಲಣ್ಣ, ನಿಮ್ಮ ಕಪಾಟಿನಲ್ಲಿ ಇರುವುದು ಚಿನ್ನ. ಸ್ಕ್ಯಾನ್ ಮಾಡಿ ಹಾಕುವನಾ? ನಿಮ್ಮ ಹೆಸರಿನಲ್ಲೇ ಹಾಕುವ. ನಾಲ್ಕು ಜನರಿಗೆ ಉಪಕಾರ ಆಗ್ತದೆ" ಎಂದ.

"ನೋಡುವ, ಮುಂದಿನ ವಾರ ಬಾ" ಎಂದೆ.

ಬಂದ. ಮತ್ತೆ ಮುಂದಿನ ವಾರ ಎಂದೆ. ಅದಕ್ಕೂ ಬಂದ. ಮೂರು ವಾರ ಬೆಂಚಿನಲ್ಲಿ ಕುಳಿತು, ಪೇಪರು ಓದಿ, ನಗುತ್ತಲೇ ಎದ್ದು ಹೋದ. ನಾಚಿಕೆ ಆಗಬೇಕಾದದ್ದು ನನಗೆ, ಆದರೆ ಆಗ ನನಗೆ ಖುಷಿಯೇ ಆಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವನು ನನ್ನ ಮನೆಯೊಳಗೇ ಕೈ ಹಾಕಿದ. ನನ್ನ ಒಬ್ಬಳೇ ಮಗಳು ಮನ್ವಿತಾ. ಭೂಗೋಳದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ, ಕೊನೆಯ ವರ್ಷ. ಸಣ್ಣವಳಿರುವಾಗ ನನ್ನ ನಕ್ಷೆಯ ಮೇಜಿನ ಕೆಳಗೆ ಕುಳಿತು ಬಣ್ಣದ ಪೆನ್ಸಿಲ್ ಹಿಡಿದು ಆಡಿದವಳು. ಇವಳು ಭೂಗೋಳ ಆರಿಸಿದ್ದು ನನ್ನಿಂದಾಗಿ ಎಂದು ನಾನು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಅವಳ ಪ್ರಾಜೆಕ್ಟು, ಪಡೀಲಿನ ತಗ್ಗಿನಲ್ಲಿ ಮಳೆನೀರು ಎಲ್ಲೆಲ್ಲಿ ನುಗ್ಗುತ್ತದೆ ಎಂಬ ನಕ್ಷೆ. ಅಲ್ಲಿಯ ಅಂಗನವಾಡಿಗೆ ಪ್ರತಿ ಜೂನಿನಲ್ಲಿ ನೀರು ಬರುತ್ತದೆ, ಅದನ್ನು ಬೇರೆ ಜಾಗಕ್ಕೆ ಹಾಕಬೇಕೆಂದು ಅಲ್ಲಿಯ ನಿವಾಸಿಗಳ ಸಂಘದವರು ಓಡಾಡುತ್ತಿದ್ದರು. ಇವಳ ನಕ್ಷೆ ನೋಡಿ ಜಾಗ ತೀರ್ಮಾನಿಸುವುದೆಂದು ಮಾತಾಗಿತ್ತು.

ಅವಳು ಮೊದಲು ಬಂದದ್ದು ನನ್ನ ಹತ್ತಿರವೇ. "ಪಪ್ಪಾ, ಪಡೀಲಿನ ಎತ್ತರದ ಲೆಕ್ಕ ನಿಮ್ಮ ಕಪಾಟಿನಲ್ಲಿ ಉಂಟಾ?"

"ನೋಡುವ, ಮುಂದಿನ ವಾರ" ಎಂದೆ.

ನನ್ನ ಬಾಯಿಗೆ ಬೆಂಕಿ ಬೀಳಲಿ. ಸ್ವಂತ ಮಗಳು, ಸ್ವಂತ ಮನೆ, ಊಟದ ಮೇಜು. ಮೂವತ್ತನಾಲ್ಕು ವರ್ಷದ ಅಭ್ಯಾಸ ಅಷ್ಟು ಸಲೀಸಾಗಿ ನಾಲಗೆಯಿಂದ ಜಾರಿತು. ಅವಳು ಮುಂದಿನ ವಾರ ಕಾಯಲಿಲ್ಲ. ಮರುದಿನವೇ ಪಡೀಲಿಗೆ ಹೋದಳು. ಸಂಜೆ ಬಂದಾಗ ಅವಳ ಮುಖ ನೋಡಬೇಕಿತ್ತು ನೀವು. "ಮೋಹನ್ ಅಂಕಲ್ ಎಷ್ಟು ಚಂದ ಹೇಳಿಕೊಡ್ತಾರೆ ಗೊತ್ತುಂಟಾ ಮಮ್ಮಿ! ಮೋಹನ್ ಅಂಕಲಿಗೆ ಇಡೀ ಜಿಲ್ಲೆಯ ಮಳೆ ಲೆಕ್ಕ ಎಲ್ಲಿ ಸಿಗ್ತದೆ ಅಂತ ಗೊತ್ತುಂಟು!" ಒಂದು ಊಟ ಮುಗಿಯುವುದರೊಳಗೆ ಹದಿನೇಳು ಸಲ ಮೋಹನ್ ಅಂಕಲ್. ನಾನು ಎಣಿಸಿದ್ದೇನೆ. ಆ ಮನುಷ್ಯ ಕೋಲು ಹಿಡಿದವನು ಎಂದು ಬಾಯಿ ತುದಿಗೆ ಬಂತು, ಮೀನಿನ ಮುಳ್ಳಿನ ನೆಪದಲ್ಲಿ ಕೆಮ್ಮಿ ಸುಮ್ಮನಾದೆ.

ಎರಡು ತಿಂಗಳು ಹೀಗೇ ನಡೆಯಿತು. ಸಂಘದ ಸಭೆಗೆ ಹತ್ತು ದಿನ ಇರುವಾಗ ಅವಳು ಸ್ನಾನಕ್ಕೆ ಹೋಗಿದ್ದಳು, ನಕ್ಷೆ ಮೇಜಿನ ಮೇಲೆ ಹರಡಿತ್ತು. ತಗ್ಗು ಇರುವಲ್ಲಿ ನೀಲಿ, ಎತ್ತರ ಇರುವಲ್ಲಿ ಕಂದು. ನಾನು ಕನ್ನಡಕ ಏರಿಸಿ ನೋಡಿದೆ. ಹೊಸ ಅಂಗನವಾಡಿಗೆಂದು ಸಂಘದವರು ಆರಿಸಿದ್ದು ದಿವಂಗತ ಶೀನಪ್ಪನವರ ತೆಂಗಿನ ತೋಟದ ಮೂಲೆ. ಮುಂಬೈಯಲ್ಲಿರುವ ಅವರ ಮಕ್ಕಳು ಅಷ್ಟು ಜಾಗ ಬಿಟ್ಟುಕೊಡಲು ಒಪ್ಪಿದ್ದರು. ನಕ್ಷೆಯಲ್ಲಿ ಆ ತೋಟ ಕಡು ಕಂದು ಬಣ್ಣದಲ್ಲಿತ್ತು. ಸುತ್ತಲಿನ ರಸ್ತೆಗಿಂತ ಹನ್ನೆರಡು ಮೀಟರ್ ಎತ್ತರದ ಒಂದು ಗುಡ್ಡ!

ನನಗೆ ನಗು ತಡೆಯಲಾಗಲಿಲ್ಲ. ತೊಂಬತ್ತಾರರಲ್ಲಿ ಶೀನಪ್ಪನವರು ಅಲ್ಲಿ ಮನೆ ಕಟ್ಟಬೇಕೆಂದು ನನ್ನನ್ನು ಕರೆಸಿದ್ದರು. ಎರಡು ದಿನ ಅಳೆದು, ಇದು ರಸ್ತೆಗಿಂತ ನಾಲ್ಕಡಿ ತಗ್ಗು, ಮನೆ ಕಟ್ಟಿದರೆ ದೋಣಿಯೂ ಕಟ್ಟಬೇಕು ಎಂದು ಹೇಳಿ ಬಂದವನು ನಾನೇ. ಉಪಗ್ರಹ ಮೇಲಿನಿಂದ ನೋಡುವಾಗ ಅದಕ್ಕೆ ಕಾಣುವುದು ನೆಲವಲ್ಲ, ಒತ್ತಾಗಿ ಬೆಳೆದ ತೆಂಗಿನ ತಲೆ. ಆ ತಲೆಯ ಎತ್ತರವನ್ನೇ ನೆಲದ ಎತ್ತರ ಎಂದು ಮಗಳೂ ಮೋಹನದಾಸನೂ ನಂಬಿದ್ದರು. ಮರುದಿನ ಆಫೀಸಿನಲ್ಲಿ ಕಪಾಟು ತೆಗೆದು ಲೆವೆಲ್ ಪುಸ್ತಕ ನೋಡಿದೆ, ಸಂಖ್ಯೆ ಸರಿಯಾಗಿತ್ತು. ಅಷ್ಟಕ್ಕೆ ಬಿಡದೆ ಪಡೀಲಿಗೆ ಹೋಗಿ, ಈ ಪ್ರಾಯದಲ್ಲಿ ಕಲ್ಲು ಹತ್ತಿ, ತೋಟದ ಕಾಂಪೌಂಡಿನ ಮೇಲಿಂದ ಇಣುಕಿದೆ. ಒಂದು ಬುಟ್ಟಿ ಮಣ್ಣೂ ತುಂಬಿಸಿರಲಿಲ್ಲ. ಸುತ್ತಲಿರುವವರೆಲ್ಲ ಹೊಸ ಫ್ಲಾಟಿನವರು, ಗೋಡೆಯ ಒಳಗೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ನೋಡಿದವರೇ ಇಲ್ಲ.

ಆ ಸಂಜೆಯೇ ಮಗಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಜನರ ಎದುರು ಮೋಹನದಾಸನ ಮುಖ ಬಾಡುವುದನ್ನು ನಾನು ನೋಡಬೇಕಿತ್ತು. ಮಗಳು ಅದನ್ನು ನೋಡಿ, ನಕ್ಷೆ ಎಂದರೆ ನನ್ನ ಪಪ್ಪನೇ ಎನ್ನಬೇಕಿತ್ತು. ಒಂಬತ್ತು ದಿನ ಆ ಸಂತೋಷವನ್ನು ಒಳಗೇ ಚಪ್ಪರಿಸಿದೆ. "ಎಂತ ಒಬ್ಬರೇ ನಗಾಡ್ತೀರಿ?" ಎಂದು ಸ್ನೇಹಲತಾ ಕೇಳಿದಾಗ "ಎಂತ ಇಲ್ಲ" ಎಂದೆ.

ಸಭೆಯ ಹಿಂದಿನ ದಿನ ಮನ್ವಿತಾ ತಾನೇ ನಕ್ಷೆ ಹಿಡಿದು ಬಂದಳು. "ಪಪ್ಪಾ, ಒಮ್ಮೆ ನೋಡಿ. ನೀವು ನೋಡಿದರೆ ನನಗೆ ಧೈರ್ಯ."

ಇನ್ನೇನು ಬೇಕಿತ್ತು ನನಗೆ? ಎರಡು ತಿಂಗಳಿಂದ ಕಾಯುತ್ತಿದ್ದ ಮಾತು ಅದೇ. ಅಲ್ಲೇ ಬೆರಳಿಟ್ಟು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆಗ ಮೋಹನದಾಸನ ಮುಖ ಬಾಡುವುದು ತಪ್ಪಿಹೋಗುತ್ತಿತ್ತಲ್ಲ! "ಒಳ್ಳೆದುಂಟು ಮಗಾ" ಎಂದು ಹೇಳಿ ನಕ್ಷೆ ವಾಪಸು ಕೊಟ್ಟೆ.

ಸಭೆ ಭಾನುವಾರ ಬೆಳಿಗ್ಗೆ ಅಲ್ಲಿಯ ಭಜನಾ ಮಂದಿರದಲ್ಲಿ. ಸಂಘದ ಕಾರ್ಯದರ್ಶಿ ರೋಷನ್ ಗೋಡೆಗೆ ಬಿಳಿ ಬಟ್ಟೆ ಕಟ್ಟಿಸಿದ್ದ. ಮಗಳ ಪ್ರಾಜೆಕ್ಟಿನ ಗೈಡ್ ಫರ್ಝಾನಾ ಮೇಡಂ ಎದುರಿನ ಸಾಲಿನಲ್ಲಿ, ಅವರ ಪಕ್ಕದಲ್ಲಿ ಇಸ್ತ್ರಿ ಹಾಕಿದ ಅಂಗಿಯ ಮೋಹನದಾಸ. ಮನ್ವಿತಾ ಚಂದ ಮಾತಾಡಿದಳು. ನಕ್ಷೆ ಗೋಡೆಯ ಮೇಲೆ ಬಂತು, ಕಂದು ಗುಡ್ಡವೂ ಬಂತು. ರೋಷನ್ "ಹಾಗಾದರೆ ತೋಟದ ಜಾಗವೇ ಆಗಬಹುದು ಅಲ್ವಾ?" ಎಂದಾಗ ನಾನು ಎದ್ದುನಿಂತೆ.

"ಒಂದು ಪ್ರಶ್ನೆ ಉಂಟು. ಶೀನಪ್ಪನವರ ತೋಟದಲ್ಲಿ ಗುಡ್ಡ ಹುಟ್ಟಿದ್ದು ಯಾವಾಗ?"

ಜನ ನಕ್ಕರು. ನಾನು ಲೆವೆಲ್ ಪುಸ್ತಕ ತೆಗೆದು ಓದಿದೆ, ತೆಂಗಿನ ತಲೆಯ ವಿಷಯ ವಿವರಿಸಿದೆ, ಮಕ್ಕಳನ್ನು ಅಲ್ಲಿ ಕೂರಿಸಿದರೆ ಸೊಂಟದವರೆಗೆ ನೀರು ಬರುತ್ತದೆ ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನು ಮೋಹನದಾಸನ ಮುಖ ನೋಡಿದೆ. ಆ ದರಿದ್ರದ ಮುಖ ಬಾಡಲೇ ಇಲ್ಲ! ಹಣೆಗೆ ಹೊಡೆದುಕೊಂಡು ನಗುತ್ತಿದ್ದ.

"ಅಯ್ಯೋ ದೇವರೇ, ಹೌದಲ್ಲ! ನಾನು ಗೋಡೆಯ ಒಳಗೆ ಹೋಗಿ ನೋಡ್ಲೇ ಇಲ್ಲ, ತೋಟ ಮಾಡುವಾಗ ಮಣ್ಣು ತುಂಬಿಸಿದ್ದಾರೆ ಅಂತ ಎಣಿಸಿದೆ ಮಾರಾಯ್ರೆ. ಮಸ್ಕತ್ತಿನಲ್ಲಿ ಇದೇ ಲೆಕ್ಕ ಹಾಕಿದರೆ ಎಲ್ಲ ಸರಿ ಬರ್ತಿತ್ತು. ಅಲ್ಲಿ ಮರ ಎಂತದು ಉಂಟು, ಮೇಲಿಂದ ನೋಡಿದ್ರೆ ನೆಲವೇ! ಇಲ್ಲಿ ತೆಂಗು ಉಂಟು ಅಂತ ಮಂಡೆಗೆ ಹೋಗ್ಲಿಲ್ಲ." ಆಮೇಲೆ ನಗು ನಿಲ್ಲಿಸಿ ಫರ್ಝಾನಾ ಮೇಡಂ ಕಡೆಗೆ ತಿರುಗಿದ. "ತಪ್ಪು ನನ್ನದು ಮೇಡಂ. ಹುಡುಗಿಯದ್ದು ಎಂತದ್ದೂ ಇಲ್ಲ."

ಆಗ ನಾನು ಮಗಳನ್ನು ನೋಡಿದೆ. ಹತ್ತು ದಿನ ನಾನು ಮೋಹನದಾಸನ ಮುಖವನ್ನು ಮಾತ್ರ ಊಹಿಸಿಕೊಂಡಿದ್ದೆ, ಆ ಬಟ್ಟೆಯ ಮುಂದೆ ನಿಲ್ಲುವವಳು ಇವಳು ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ನಕ್ಷೆ ತೋರಿಸುತ್ತಿದ್ದ ಕೋಲನ್ನು ಅವಳು ಕೆಳಗಿಳಿಸಿದಳು. "ಪಪ್ಪಾ, ನಿನ್ನೆ ನಿಮಗೆ ತೋರಿಸಿದ್ದೆನಲ್ಲ?" ಎಂದಳು. ಮೆಲ್ಲಗೆ ಹೇಳಿದಳು, ಆದರೆ ಕೈಯಲ್ಲಿದ್ದ ಮೈಕಿನಿಂದ ಎಲ್ಲರಿಗೂ ಕೇಳಿಸಿತು.

ಉತ್ತರ ಕೊಟ್ಟವನು ಮೋಹನದಾಸ. "ಕಾಗದದಲ್ಲಿ ಅಷ್ಟು ಸಣ್ಣಕ್ಕೆ ಎಂತ ಕಾಣ್ತದೆ ಮಗಾ? ಈಗ ಗೋಡೆಯಲ್ಲಿ ದೊಡ್ಡದಾಗಿ ಬಂದದ್ದಕ್ಕೆ ಪಪ್ಪನಿಗೆ ಗೊತ್ತಾದ್ದು. ಅಲ್ವಾ ಜಯಪಾಲಣ್ಣ?"

ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು, ಅವನಿಗೆ ಎಲ್ಲ ಅರ್ಥವಾಗಿತ್ತು. "ಹೌದು" ಎಂದು ಕುಳಿತೆ. ರೋಷನ್ ನನಗೆ ಧನ್ಯವಾದ ಹೇಳಿದ. ಅಂಗನವಾಡಿ ಟೀಚರು ಬಂದು ಕೈ ಮುಗಿದು, ಮಕ್ಕಳನ್ನು ಉಳಿಸಿದಿರಿ ಸರ್ ಎಂದರು. ಬೇರೆ ಜಾಗ ನೋಡುವುದೆಂದು ತೀರ್ಮಾನವಾಯಿತು. ಫರ್ಝಾನಾ ಮೇಡಂ ನಕ್ಷೆ ತಿದ್ದಿ ಕೊಡಲು ಮಗಳಿಗೆ ಹದಿನೈದು ದಿನ ಕೊಟ್ಟರು.

ವಾಪಸು ಬರುವಾಗ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ಕಾರು ನಿಂತಾಗ ಅವಳು ಕೇಳಿದಳು. "ಎಷ್ಟು ದಿನದಿಂದ ಗೊತ್ತಿತ್ತು?"

"ಹತ್ತು ದಿನ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ತಲೆ ಆಡಿಸಿ ಕಿಟಕಿಯ ಹೊರಗೆ ನೋಡತೊಡಗಿದಳು.

ಮರುದಿನ ಸಂಜೆ, ಯಾರೂ ಕೇಳದೆಯೇ, ನಾನು ಆ ಲೆವೆಲ್ ಪುಸ್ತಕ ತೆಗೆದುಕೊಂಡು ಪಡೀಲಿಗೆ ಹೋದೆ. ಮೂರು ಸಂಜೆ ನಾನು ಸಂಖ್ಯೆ ಓದಿದೆ, ಮೋಹನದಾಸ ಟೈಪು ಮಾಡಿದ. ತೊಂಬತ್ತಾರರಲ್ಲಿ ತೋಟದಲ್ಲೂ ಸುತ್ತಲೂ ಅಳೆದ ನೂರ ನಲವತ್ತಾರು ಜಾಗದ ಎತ್ತರ. ಎಷ್ಟು ಅಚ್ಚುಕಟ್ಟು ಕೆಲಸ ಜಯಪಾಲಣ್ಣ ಎಂದು ನಡುನಡುವೆ ಹೊಗಳುತ್ತಿದ್ದ. ನನ್ನನ್ನು ಕಂಡು ಅವನಿಗೆ ಒಂದು ಚೂರಾದರೂ ಹೊಟ್ಟೆಕಿಚ್ಚು ಬರಬಾರದೇ? ನಾನು ಅಷ್ಟಕ್ಕೂ ಯೋಗ್ಯನಲ್ಲವೇ? ಕೊನೆಯಲ್ಲಿ, ಅಳೆದವರ ಹೆಸರು ಹಾಕುವ ಜಾಗದಲ್ಲಿ ನನ್ನ ಹೆಸರು ಬರೆದು, "ಅವತ್ತು ಕೋಲು ಹಿಡಿದದ್ದು ಯಾರು? ಅವರ ಹೆಸರೂ ಇರಲಿ" ಎಂದ. ನಾನು ಎಷ್ಟು ಯೋಚಿಸಿದರೂ ಆ ಮನುಷ್ಯನ ಹೆಸರು ನೆನಪಾಗಲಿಲ್ಲ. ಎರಡು ದಿನ ನನ್ನೆದುರು ಬಿಸಿಲಲ್ಲಿ ನಿಂತಿದ್ದ, ಮುಖ ಕೂಡ ನೆನಪಿಲ್ಲ. ಮೋಹನದಾಸ 'ಸಹಾಯಕ ಒಬ್ಬರು' ಎಂದು ಬರೆದ.

"ನಿನಗೆ ಗೊತ್ತಾಗಿತ್ತಲ್ಲ? ಮತ್ತೆ ಯಾಕೆ ಹಾಗೆ ಹೇಳಿದೆ?" ಎಂದು ಕೇಳಿಯೇಬಿಟ್ಟೆ.

"ಮಗಳ ಎದುರು ಅಲ್ವಾ ಜಯಪಾಲಣ್ಣ" ಎಂದ. ಆಮೇಲೆ ಒಳಗೆ ತಿರುಗಿ, ಚಾ ಆಯಿತಾ ಎಂದು ಕೂಗಿದ.

ತಿದ್ದಿದ ನಕ್ಷೆ ಚಂದ ಬಂತಂತೆ. ನಾನು ನೋಡಿಲ್ಲ. ಅದನ್ನು ಕಾಲೇಜಿಗೆ ಕೊಡುವ ದಿನ ಬೆಳಿಗ್ಗೆ ಮನ್ವಿತಾ ಸುರುಳಿ ಸುತ್ತಿದ ಕಾಗದ ಹಿಡಿದು ಕೋಣೆಯಿಂದ ಹೊರಬಂದಳು. ನಾನು ನೀರುದೋಸೆಯ ತಟ್ಟೆಯನ್ನು ಬದಿಗೆ ಸರಿಸಿ, ಮೇಜು ಒರೆಸಿ ಜಾಗ ಮಾಡಿದೆ. "ಮನ್ವಿ, ನಾನೊಮ್ಮೆ ನೋಡ್ಲಾ?"

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿಯಾದರೂ ಸರಿಮಾಡಿಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನ ಆಫೀಸಿನ ಬೆಂಚಿನಿಂದ ಎದ್ದು ಹೋಗುವವರು ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದಳು.

"ಬೇಡ ಪಪ್ಪಾ. ಮೋಹನ್ ಅಂಕಲ್ ನೋಡಿ ಆಗಿದೆ."